ಹೆಸರಘಟ್ಟದ ಹುಲ್ಲುಗಾವಲಿಗೆ ಹಳೆಯ ಮಸೂರ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದು ಹೊರಟವರಿಗೆ ಪೀಣ್ಯ ಎದುರಾಗುವುದು. ಲೇತುಗಳ ಮೊರೆತ, ಲೋಹದ ತುರಿ, ಎಣ್ಣೆಯ ವಾಸನೆ ಇವೇ ಆ ಸೀಮೆಯ ಲಕ್ಷಣ. ಅದನ್ನು ದಾಟಿ ಎಂಟನೆಯ ಮೈಲಿಯಲ್ಲಿ ಬಲಕ್ಕೆ ತಿರುಗಿ ಸಾಗಿದರೆ ಹೆಸರಘಟ್ಟ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯ ಸುತ್ತ ಹಬ್ಬಿರುವ ಹುಲ್ಲುಗಾವಲಿನಲ್ಲಿ ನೆಲಗುಬ್ಬಿಗಳು ವಾಸಿಸುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಸೆಳೆವ ಹಕ್ಕಿಗಳು ಬಂದಿಳಿಯುತ್ತವೆ.

ದೂರದ ಹಕ್ಕಿಯನ್ನು ಹತ್ತಿರಕ್ಕೆ ತರಬಲ್ಲ ಹೊಸ ಟೆಲಿಫೋಟೋ ಮಸೂರಗಳ ಬೆಲೆ ಲಕ್ಷಗಳನ್ನು ಮುಟ್ಟಿರುವುದರಿಂದ, ಸಾಮಾನ್ಯ ಸಂಸಾರವಂದಿಗನು ಹಳೆಯ ಕೈಚಾಲಿತ ಮಸೂರಗಳತ್ತ ಹೊರಳುವುದು ಸಹಜವೇ. ಅವುಗಳನ್ನು ಗುರುತಿಸುವ ವಿದ್ಯೆ ಕಠಿಣವಲ್ಲ. ಮುಂಬದಿಯ ಬಳೆಯ ಮೇಲೆ 4/200 ಎಂದು ಕೆತ್ತಿದ್ದರೆ ನಾಭಿದೂರ 200 ಮಿಲಿಮೀಟರ್. ಅದನ್ನು 4ರಿಂದ ಭಾಗಿಸಿದಾಗ ಬರುವ 50 ಮಿಲಿಮೀಟರೇ ಬೆಳಕಿನ ಕಿಂಡಿಯ ಗರಿಷ್ಠ ಅಗಲ. ಹಿಂಬದಿಯಲ್ಲಿ ತಿರುಪಿದ್ದರೆ ಅದನ್ನು ಅಳೆಯಬೇಕು. ವ್ಯಾಸ 42 ಮಿಲಿಮೀಟರ್, ಎಳೆಯಿಂದ ಎಳೆಗೆ 1 ಮಿಲಿಮೀಟರ್ ಇದ್ದರೆ ಅದು ಪ್ರಸಿದ್ಧವಾದ ಎಂ-42 ಬಂಧ. ಪೂರ್ವ ಜರ್ಮನಿಯ ಪೆಂಟಕಾನ್, ಜಪಾನಿನ ಟಕುಮಾರ್, ಸೋವಿಯತ್ ದೇಶದ ಜುಪಿಟರ್ ಮತ್ತು ಟೈರ್ ಮಸೂರಗಳಲ್ಲಿ ಅನೇಕವು ಈ ವರ್ಗಕ್ಕೆ ಸೇರಿದವು. ಪೀಣ್ಯದ ಯಾವ ಟರ್ನರನ ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರಿಗೂ ಈ ಪರೀಕ್ಷೆ ನಿಮಿಷದ ಕೆಲಸ. ತಿರುಪಿನ ಬದಲು ಮೂರು ಹಲ್ಲುಗಳಿದ್ದರೆ ಅದು ಬೇರೆ ಬಂಧ. 1959ರಲ್ಲಿ ಬಂದ ನಿಕಾನ್ ಎಫ್ ಅಂಥದೊಂದು.

ಕೊಳ್ಳುವ ಮುನ್ನ ಮಸೂರದೊಳಗೆ ಟಾರ್ಚಿನ ಬೆಳಕು ಹಾಯಿಸಿ ನೋಡಬೇಕು. ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುವುದುಂಟು. ಕಿಂಡಿಯ ಅಲಗುಗಳಿಗೆ ಎಣ್ಣೆ ಹತ್ತಿದ್ದರೆ ಅವು ತಡವಾಗಿ ಮುಚ್ಚುತ್ತವೆ.

ಎಂ-42 ಮಸೂರವು ಫಿಲ್ಮಿನಿಂದ 45.46 ಮಿಲಿಮೀಟರ್ ದೂರದಲ್ಲಿ ಕೂರಬೇಕು. ಸೋನಿಯ ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಈ ಅಂತರ 18 ಮಿಲಿಮೀಟರ್ ಮಾತ್ರ; ಉಳಿದುದನ್ನು ಲೋಹದ ಬಳೆಯೊಂದು, ಎಂದರೆ ಅಡಾಪ್ಟರ್, ತುಂಬುತ್ತದೆ. ನಿಕಾನ್ ಎಫ್ ಕ್ಯಾಮೆರಾದಲ್ಲಿಯಾದರೋ ಅಂತರವೇ 46.5. ಆದುದರಿಂದ ಸಾದಾ ಅಡಾಪ್ಟರಿನಿಂದ ದೂರದ ಹಕ್ಕಿ ಎಂದಿಗೂ ಸ್ಫುಟವಾಗದು.

ಬಳಕೆಯಲ್ಲಿ ತಾಳ್ಮೆಯೇ ಬಂಡವಾಳ. ಕಿಂಡಿಯನ್ನೂ ಸ್ಫುಟತೆಯನ್ನೂ ಕೈಯಿಂದಲೇ ಹೊಂದಿಸಬೇಕು. ಕೈ ನಡುಗುವ ಭಯವಿರುವುದರಿಂದ 200 ಮಿಲಿಮೀಟರಿಗೆ ಶಟರು ಸೆಕೆಂಡಿನ 200ನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಹಾರುವ ಹಕ್ಕಿಗೆ ಇನ್ನೂ ಹೆಚ್ಚಿನ ವೇಗ ಬೇಕು. ಬಿಸಿಲೇರಿ ನೆಲದ ಝಳ ಚಿತ್ರವನ್ನು ಕಲಕುವ ಮೊದಲೇ ಕೆಲಸ ಮುಗಿಸುವುದು ಮೇಲು. ಹಕ್ಕಿಯ ಬೆನ್ನಟ್ಟುವುದಕ್ಕಿಂತ, ಅದು ಬಂದು ಕೂರುವ ಕಲ್ಲಿಗೆ ಮಸೂರವನ್ನು ಮೊದಲೇ ಹೊಂದಿಸಿ ಕಾದಿರುವುದೇ ಜಾಣತನ.

ಹೆಸರಘಟ್ಟದಲ್ಲಿ ಇದು ಕೇವಲ ಜಾಣತನವಲ್ಲ, ಕರ್ತವ್ಯವೂ ಹೌದು. ನೆಲಗುಬ್ಬಿ ಗೂಡು ಕಟ್ಟುವುದು ಬರಿ ನೆಲದ ಮೇಲೆ. ಚಿತ್ರದ ಆಸೆಗೆ ಹುಲ್ಲಿನೊಳಗೆ ನುಗ್ಗಿದ ಒಂದು ವಾಹನದ ಚಕ್ರಕ್ಕೆ ಅದರ ಸಂಸಾರವೇ ನಾಶವಾದೀತು. ಈ ಬಯಲನ್ನು ಸಂರಕ್ಷಿತ ಪ್ರದೇಶವಾಗಿಸಲು ವರ್ಷಗಳ ಒತ್ತಾಯದ ಬಳಿಕ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಮ್ಮತಿಸಿತು. ಬೆಂಗಳೂರಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ (1932–2017) ಅವರ ಪೀಳಿಗೆ ಇಂಥ ಕೈಚಾಲಿತ ಮಸೂರಗಳಿಂದಲೇ ದುಡಿದು ಲೋಕದ ಮನ್ನಣೆ ಗಳಿಸಿತು. ಅದೇ ಬಗೆಯ ಮಸೂರವನ್ನು ಹಿಡಿದು ಇಲ್ಲಿಗೆ ಬರುವವರು ವಾಹನವನ್ನು ದಾರಿಯಲ್ಲೇ ಬಿಟ್ಟು, ಹುಲ್ಲಿನ ಅಂಚಿನಲ್ಲಿ ನಿಂತು ಕಾಯುವರಾದರೆ ಹಕ್ಕಿಗೂ ಕ್ಷೇಮ, ಚಿತ್ರಕ್ಕೂ ಕ್ಷೇಮ.