ಅಕ್ಕ ಕೇಳಿದ ಪ್ರಾರ್ಥನೆ



ಸ್ವಲ್ಪ ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋದಿದ್ರೆ ಆಮೇಲೆ ಬೈಯಿರಿ.

ಹೋದ ವರ್ಷ ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ, ರಾತ್ರಿ ಹತ್ತೂವರೆ ಹೊತ್ತಲ್ಲಿ ಅಕ್ಕನ ಫೋನ್ ಬಂತು. ಅಕ್ಕ ಅಂದ್ರೆ ಒಡಹುಟ್ಟಿದವಳಲ್ಲ. ಹುಣಸೂರು ತಾಲ್ಲೂಕಿನ ನಮ್ಮ ಕೇರಿಯಲ್ಲಿ ನಮ್ಮನೆ ಎದುರುಮನೆಯವಳು. ಈಗ ಪಿರಿಯಾಪಟ್ಟಣದ ಕಡೆ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನದ ಟೀಚರು. ಹೆಸರು ಬರೆಯಲ್ಲ, ಅವಳಿಗೆ ಇಷ್ಟ ಇಲ್ಲ.

"ತಮ್ಮಾ, ನಂಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀಯೇನೋ?" ಅಂದ್ಲು.

ನಾನು ನಕ್ಕುಬಿಟ್ಟೆ. "ಅಕ್ಕಾ, ರಾಂಗ್ ನಂಬರ್ಗೆ ಮಾಡಿದ್ದೀಯ" ಅಂದೆ. ಆ ಕಡೆಯಿಂದ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯ್ತು, ಅಳ್ತಾ ಇದ್ದಾಳೆ.

ಈ ಅಕ್ಕ ಅತ್ತಿದ್ದನ್ನ ನಾನು ಕಂಡಿರಲಿಲ್ಲ. ಅವಳಪ್ಪ ಊರ ಗೌಡರ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲಾ ಕೂತು ಸೌದೆ ಒಡ್ಡುತ್ತಿದ್ದ. ಆ ಬೆಂಕಿ ಬೆಳಕಲ್ಲೇ ಪಕ್ಕದಲ್ಲಿ ಕೂತು ಎಸ್ಸೆಸ್ಸೆಲ್ಸಿಗೆ ಓದಿದವಳು ಇವಳು. ತಾತನ ಕಾಲದಲ್ಲೇ ಅವರ ಮನೆಯವರು ಕ್ರೈಸ್ತರಾಗಿದ್ರು. ಸಿಸ್ಟರ್‌ಗಳ ಹಾಸ್ಟೆಲ್ಲು, ಬಿ.ಎಡ್, ಆಮೇಲೆ ಎಚ್.ಡಿ. ಕೋಟೆ ಕಡೆ ಒಂದು ಆಶ್ರಮ ಶಾಲೆಯಲ್ಲಿ ಕೆಲವು ವರ್ಷ ಕೆಲಸ, ಆಮೇಲೆ ಈ ಹೈಸ್ಕೂಲು.

ಏನಾಯ್ತು ಅಂತ ಬಿಡಿಸಿ ಬಿಡಿಸಿ ಕೇಳಿದೆ.

ಒಂಬತ್ತನೇ ಕ್ಲಾಸು. ಇವಳು ಒಳಗೆ ಕಾಲಿಟ್ಟ ತಕ್ಷಣ ಹಿಂದಿನ ಬೆಂಚಿಂದ "ಹಲ್ಲೆಲೂಯ" ಅಂತ ರಾಗ. ಯಾರು ಅಂದ್ರೆ ಯಾರೂ ಅಲ್ಲ. ಇವಳ ನೀರಿನ ಬಾಟಲಿ ಒಂದಿನ ಕಕ್ಕಸಿನ ಹಿಂದೆ ಸಿಕ್ತು. ಒಂದು ಸೋಮವಾರ ಬೋರ್ಡಿನ ಮೇಲೆ ಇವಳ ಜಾತಿ ಹೆಸರು, ದೊಡ್ಡಕ್ಷರದಲ್ಲಿ. ಅವತ್ತಿನ ಪಾಠ ಅಸ್ಪೃಶ್ಯತೆ ನಿಷೇಧ ಮಾಡೋ 17ನೇ ವಿಧಿ. ಅದನ್ನ ಒರೆಸಿ, ಅದೇ ಜಾಗದಲ್ಲಿ 17 ಅಂತ ಬರೆದು ಪಾಠ ಶುರು ಮಾಡಿದ್ಲಂತೆ.

"ಅದೆಲ್ಲಾ ತಡ್ಕೊಂಡೆ ಕಣೋ. ಒಬ್ಬ ಹುಡುಗ ಇದ್ದಾನೆ, ಬುದ್ಧಿವಂತ. ನಾನು ತಿದ್ದಿಕೊಟ್ಟ ನೋಟ್‌ಬುಕ್ಕನ್ನ ಮೂಲೇಲಿ ಹಿಡ್ಕೊಂಡು ಹೋಗ್ತಾನೆ. ಬೆಂಚಿಗೆ ಹೋಗಿ ಕರ್ಚೀಫಲ್ಲಿ ಒರೆಸ್ತಾನೆ. ದಿನಾ. ನನ್ನ ಕಣ್ಣೆದುರೇ."

ಅದರ ಮೇಲೆ ಆ ವಾರ ಇವಳ ಪಾಠದ ನೋಟ್ಸ್ ಪುಸ್ತಕ ಸ್ಟಾಫ್‌ರೂಮಿನ ಮೇಜಿಂದ ಕಾಣೆಯಾಗಿತ್ತು. ಹನ್ನೆರಡು ವರ್ಷ ಕೂಡಿಸಿ ಬರೆದ ದಪ್ಪ ಪುಸ್ತಕ.

ಹೆಡ್‌ಮಾಸ್ಟ್ರಿಗೆ ಹೇಳಿದ್ರೆ "ವಯಸ್ಸಿನ ಹುಡುಗ್ರು, ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಅಂದ್ರಂತೆ. ಚರ್ಚಿನ ಕಡೆಯವರಿಗೆ ಹೇಳಿದ್ರೆ "ತಾಳ್ಮೆ ಇರಲಿ ಮಗಳೇ" ಅಂದ್ರಂತೆ. ಇಬ್ಬರದೂ ಒಂದೇ ಮಾತು, ಭಾಷೆ ಬೇರೆ.

ನನ್ನ ಬಾಯಿಗೆ ಮೊದಲು ಬಂದಿದ್ದು ಕೇಸು. ಅಟ್ರಾಸಿಟಿ ಹಾಕೋಣ ಅಂದೆ. ಅಕ್ಕ ಸಮಾಧಾನವಾಗಿ ಕೇಳಿದ್ಲು: "ಯಾವ ಸರ್ಟಿಫಿಕೇಟ್ ಇಟ್ಕೊಂಡು?"

ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಆಗಿದ್ರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಪ್ರವರ್ಗ-1. ಈ ಮೂರನೇ ಪ್ಯಾರಾ ತೆಗೀಬೇಕು ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಇದೇ ವಿಷಯಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದ್ರು. 2025ರಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತ ಧರ್ಮಕ್ಕೆ ಹೋದವರು ದೌರ್ಜನ್ಯ ತಡೆ ಕಾಯ್ದೆ ಬಳಸೋ ಹಾಗಿಲ್ಲ ಅಂತ ತೀರ್ಪು ಕೊಡ್ತು.

ಅಂದ್ರೆ ಬೋರ್ಡಿನ ಮೇಲೆ ಬರೆಯೋ ಹುಡುಗನಿಗೆ ಅಕ್ಕನ ಜಾತಿ ಚೆನ್ನಾಗಿ ಗೊತ್ತು. ಕಾನೂನಿಗೆ ಮಾತ್ರ ಗೊತ್ತಿಲ್ಲ.

"ಸರ್ಟಿಫಿಕೇಟ್ ಇದ್ದಿದ್ರೂ ಹಾಕ್ತಿರಲಿಲ್ಲ ಬುಡು" ಅಂದ್ಲು. "ಹದಿನಾಲ್ಕು ವರ್ಷದ ಮಕ್ಕಳನ್ನ ನಾನು ಸ್ಟೇಷನ್ ಮೆಟ್ಟಿಲು ಹತ್ತಿಸಲ್ಲ."

ನಂಗೆ ಸಿಟ್ಟು ಬಂತು. ಇದೇ ನೋಡಿ ಧರ್ಮ ಮಾಡೋ ಕೆಲಸ, ಬಗ್ಗೋದನ್ನ ಕಲಿಸುತ್ತೆ ಅಂದ್ಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ದಸರಾ ರಜೆಯಲ್ಲಿ ಒಂದು ಮಂಗಳವಾರ ಅವಳನ್ನ ಬೈಕಲ್ಲಿ ಕೂರಿಸ್ಕೊಂಡು ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಗೆ ಹೋದೆ. ಸಂತ ಅಂತೋಣಿ ಬಸಿಲಿಕ. ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹೊಲ ಉಳ್ತಿದ್ದ ರೈತನ ನೇಗಿಲಿಗೆ ಸಂತನ ವಿಗ್ರಹ ಸಿಕ್ತು ಅನ್ನೋದು ಅಲ್ಲಿನ ಕತೆ. 2019ರಲ್ಲಿ ಬಸಿಲಿಕ ಅನ್ನೋ ಪಟ್ಟ ಬಂತು. ಜೂನ್ 13ರ ಹಬ್ಬಕ್ಕೆ ಯಾವ ಧರ್ಮ, ಯಾವ ಜಾತಿ ಅಂತಿಲ್ಲ, ಜನ ಬರ್ತಾರೆ. ಅಕ್ಕ ಮೇಣದಬತ್ತಿ ಹಚ್ಚಿ ಮಂಡಿಯೂರಿದ್ಲು. ನಾನು ಹೊರಗೆ ನೆರಳಲ್ಲಿ ಕೂತೆ.

ಬಂದು ಪಕ್ಕದಲ್ಲಿ ಕೂತು ಕತೆ ಹೇಳಿದ್ಲು. ಈ ಅಂತೋಣಿನೂ ಮೇಷ್ಟ್ರೇ ಅಂತೆ. 1231ರಲ್ಲಿ ತೀರಿಕೊಂಡವರು. ಅಚ್ಚಿನ ಪುಸ್ತಕ ಇಲ್ಲದ ಕಾಲ. ಶಿಷ್ಯರಿಗೆ ಪಾಠ ಹೇಳಕ್ಕೆ ಬರ್ಕೊಂಡ ಟಿಪ್ಪಣಿ ಎಲ್ಲಾ ಅವರ ಕೀರ್ತನೆಗಳ ಪುಸ್ತಕದಲ್ಲೇ ಇತ್ತು. ಮಠ ಬಿಟ್ಟು ಓಡಿದ ಒಬ್ಬ ಶಿಷ್ಯ ಅದನ್ನೇ ಹೊತ್ಕೊಂಡು ಹೋದ. ಅಂತೋಣಿ ಪ್ರಾರ್ಥನೆ ಮಾಡಿದ್ರು, ಹುಡುಗ ವಾಪಸ್ ತಂದುಕೊಟ್ಟ. ಅದಕ್ಕೇ ಕಳೆದುಹೋದ ಸಾಮಾನಿಗೆಲ್ಲಾ ಜನ ಇವರನ್ನ ಕೇಳೋದು. ಇನ್ನೊಂದು ಕತೇಲಿ, ರಿಮಿನಿ ಅನ್ನೋ ಊರಲ್ಲಿ ಜನ ಇವರ ಮಾತು ಕೇಳದೇ ಇದ್ದಾಗ ನೀರಿನ ದಡಕ್ಕೆ ಹೋಗಿ ಮೀನುಗಳಿಗೆ ಬೋಧನೆ ಮಾಡಿದ್ರಂತೆ.

"ನಿನ್ನ ಪುಸ್ತಕನೂ ಸಿಗ್ಲಿ ಅಂತ ಕೇಳ್ಕೊಂಡ್ಯಾ?" ಅಂದೆ.

"ಅದ್ಕೂ ಕೇಳ್ದೆ" ಅಂದು ನಕ್ಕಳು. ಆಮೇಲೆ ದಿನಾ ಕ್ಲಾಸಿನ ಬಾಗಿಲ ಹತ್ರ ಅರ್ಧ ನಿಮಿಷ ನಿಂತು ಮನಸ್ಸಲ್ಲೇ ಹೇಳ್ಕೊಳ್ಳೋ ಮಾತನ್ನ ನಂಗೆ ಹೇಳಿದ್ಲು. ಅವಳ ಒಪ್ಪಿಗೆ ತಗೊಂಡೇ ಬರೀತಾ ಇದೀನಿ:

"ಸ್ವಾಮಿ, ಈ ಹುಡುಗರು ನಿನ್ನವರು, ನಾನೂ ನಿನ್ನವಳು. ಅವರ ಮಾತು ನನ್ನ ಮೈಗೆ ಅಂಟದಿರಲಿ. ನನ್ನ ಕೋಪ ಅವರ ಮಾರ್ಕ್ಸಿಗೆ ಅಂಟದಿರಲಿ. ಇವತ್ತಿನ ಪಾಠ ಒಬ್ಬನಿಗಾದ್ರೂ ಹತ್ತಲಿ. ಆಮೆನ್."

ಎರಡನೇ ಸಾಲಿಗೆ ನಾನು ಸುಮ್ಮನಾದೆ ಗೆಳೆಯರೇ. ಆ ಹುಡುಗನ ಉತ್ತರ ಪತ್ರಿಕೆ ಇರೋದು ಇವಳ ಕೈಯಲ್ಲಿ. ಬೇಕು ಅಂದ್ರೆ ನಾಲ್ಕು ಮಾರ್ಕ್ಸ್ ಕಡಿಬಹುದು, ಕೇಳೋರಿಲ್ಲ. ತನ್ನ ಕೈಲಿರೋ ಆ ಅಧಿಕಾರಕ್ಕೆ ಇವಳು ದಿನಾ ಬಾಗಿಲಲ್ಲೇ ಕಡಿವಾಣ ಹಾಕ್ಕೊಂಡು ಒಳಗೆ ಹೋಗ್ತಾಳೆ. ನಮಗೆ ಪಾಠ ಮಾಡಿದ ಎಷ್ಟು ಜನ ಮೇಷ್ಟ್ರು ತಮ್ಮ ಅಸಹ್ಯ ನಮ್ಮ ಮಾರ್ಕ್ಸಿಗೆ ಅಂಟದಿರಲಿ ಅಂತ ಯಾವ ದೇವರನ್ನಾದ್ರೂ ಬೇಡ್ಕೊಂಡಿದ್ರು, ಹೇಳಿ? ಇದನ್ನ ನಾನು ಬಗ್ಗೋದು ಅಂದ್ಕೊಂಡಿದ್ದೆ.

ಎಚ್.ಡಿ. ಕೋಟೆ ದಿನಗಳನ್ನೂ ನೆನೆಸ್ಕೊಂಡ್ಲು. ಅಲ್ಲಿ ಹಾಡಿಯಿಂದ ಬಂದ ಜೇನುಕುರುಬರ ಮಕ್ಕಳು ಮೊದಲ ತಿಂಗಳೆಲ್ಲಾ ಬಾಯೇ ಬಿಡ್ತಿರಲಿಲ್ವಂತೆ. ಹೆಸರು ಕೇಳಿದ್ರೂ ನೆಲ ನೋಡೋರು. "ಆ ಮಕ್ಕಳಿಗೆ ಹೆದರಿಕೆ ಕಲಿಸಿದ್ದೂ ಇದೇ ಊರು, ಈ ಹುಡುಗರಿಗೆ ಸೊಕ್ಕು ಕಲಿಸಿದ್ದೂ ಇದೇ ಊರು. ಎರಡನ್ನೂ ಬಿಡಿಸೋದು ಟೀಚರ್ ಕೆಲಸ ಅಲ್ವೇನೋ?"

ಆಗ ನಾನು ಅವಳಿಗೆ ನನ್ನ ಕಡೆಯ ಕತೆ ಹೇಳಿದೆ. 1918ರಲ್ಲಿ ಬಾಬಾಸಾಹೇಬರು ಮುಂಬೈನ ಸಿಡನ್‌ಹ್ಯಾಮ್ ಕಾಲೇಜಿಗೆ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಸೇರಿದ್ರು. ಸ್ಟಾಫ್‌ರೂಮಿನ ಹೂಜಿಯ ನೀರು ಇವರು ಕುಡೀಬಾರದು ಅಂತ ಜೊತೆಯ ಪ್ರೊಫೆಸರ್‌ಗಳೇ ತಕರಾರು ತೆಗೆದ್ರು. ಈ ಜಾತಿಯವನು ಏನು ಪಾಠ ಮಾಡ್ತಾನೆ ಅಂತ ಮೊದಮೊದಲು ವಿದ್ಯಾರ್ಥಿಗಳಿಗೂ ತಾತ್ಸಾರ. ಆಮೇಲೆ ಆ ಪಾಠ ಕೇಳಕ್ಕೆ ಬೇರೆ ಕಾಲೇಜಿನ ಹುಡುಗರೂ ಬಂದು ಕೂತ್ರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ ದಾರೀಲಿ ಸಗಣಿ ಎರಚಿಸ್ಕೊಂಡು, ಚೀಲದಲ್ಲಿದ್ದ ಇನ್ನೊಂದು ಸೀರೆ ಉಟ್ಕೊಂಡು ಪಾಠಕ್ಕೆ ನಿಲ್ತಿದ್ರು. "ನಿನ್ನ ಬಾಟಲಿಗೂ ಆ ಹೂಜಿಗೂ ನಂಟಿದೆ ಅಕ್ಕಾ" ಅಂದೆ. ಅವಳು ನನ್ನ ಕೈ ಹಿಡ್ಕೊಂಡು "ಇದೇ ಕಣೋ ನಾನು ಕೇಳಿದ ಪ್ರಾರ್ಥನೆ" ಅಂದ್ಲು.

ಅಲ್ಲಿಗೆ ಮುಗಿಸಿದ್ರೆ ನಾವು ಸಂಘಟನೆ ಕಟ್ಟಿದ್ದು ದಂಡ. ರಜೆ ಮುಗಿದ ಮೇಲೆ ನಾಲ್ಕು ಜನ ಹೋದ್ವಿ. ತಮಟೆ ಇಲ್ಲ, ಘೋಷಣೆ ಇಲ್ಲ. ಅಕ್ಕನ ಕೈಲಿ ಲಿಖಿತ ದೂರು ಬರೆಸಿ ಹೆಡ್‌ಮಾಸ್ಟ್ರಿಗೆ ಕೊಟ್ಟು, ಬಿಇಒಗೆ ಪ್ರತಿ ಕಳಿಸಿ, ಸ್ವೀಕೃತಿ ತಗೊಂಡ್ವಿ. ಎಸ್‌ಡಿಎಂಸಿ ಸಭೆ ಕರೆಸಿದ್ವಿ. ಅಪ್ಪ ಅಮ್ಮಂದಿರೂ ಬಂದ್ರು. ಸಭೇಲಿ ಒಬ್ಬ ಹಿರಿಯರು "ಮಕ್ಕಳಿಗೇನು ಗೊತ್ತು ಜಾತಿ" ಅಂತ ಶುರು ಮಾಡಿದ್ರು. ಆಗ ಆ ಹುಡುಗನ ತಾಯಿ ಎದ್ದು ನಿಂತು ಮಗನ್ನ ಕೇಳಿದ್ರು: "ಬುಕ್ಕು ಒರೆಸಾದ ಯಾರ್ಲಾ ಕಲಿಸಿದ್ದು ನಿಂಗೆ?"

ಹುಡುಗ ಅಪ್ಪನ ಮುಖ ನೋಡ್ದ.

ಆಮೇಲೆ ಆ ಸಭೇಲಿ ಯಾರೂ ಮಕ್ಕಳಿಗೇನು ಗೊತ್ತು ಅನ್ನಲಿಲ್ಲ.

ಎಲ್ಲಾ ಸರಿಹೋಯ್ತು ಅಂತ ಸುಳ್ಳು ಬರೆಯಲ್ಲ. ರಾಗ ನಿಂತಿದೆ, ಬೋರ್ಡು ಚೊಕ್ಕ ಇದೆ. ಕರ್ಚೀಫಲ್ಲಿ ಒರೆಸೋದು ನಿಂತಿದೆ, ಮೂಲೇಲಿ ಹಿಡಿಯೋದು ಇನ್ನೂ ನಿಂತಿಲ್ಲ. ಕಳೆದ ಪುಸ್ತಕ ಸಿಕ್ಕಲಿಲ್ಲ. ಆದ್ರೆ ನವೆಂಬರ್ 26ರ ಸಂವಿಧಾನ ದಿನ ಹತ್ತನೇ ಕ್ಲಾಸಿನ ಹುಡುಗಿಯರು ಬಂದು ಮೂರು ಇನ್ನೂರು ಪೇಜಿನ ನೋಟ್‌ಬುಕ್ ಕೊಟ್ಟರಂತೆ. ಎರಡು ವರ್ಷದಿಂದ ಅಕ್ಕ ಹೇಳಿಕೊಟ್ಟು ಬರೆಸಿದ್ದನ್ನೆಲ್ಲಾ ತಮ್ಮ ತಮ್ಮ ನೋಟ್ಸಿಂದ ಕೂಡಿಸಿ ಬರೆದಿದ್ರು. ಅಕ್ಕ ಇದನ್ನ ಅಂತೋಣಿಯ ಲೆಕ್ಕಕ್ಕೆ ಬರ್ಕೊಂಡಿದ್ದಾಳೆ. ನಾನು ಹುಡುಗಿಯರ ಲೆಕ್ಕಕ್ಕೆ. ಜಗಳ ಇಲ್ಲ.

ಈಗ ನಮ್ಮವರಿಗೆ ಎರಡು ಮಾತು. "ಅವರು ಮತಾಂತರ ಆದವರು, ನಮಗ್ಯಾಕೆ" ಅಂತ ನಮ್ಮ ಗುಂಪಲ್ಲೇ ಒಬ್ಬರು ಅಂದ್ರು. ಆ ಮೂರನೇ ಪ್ಯಾರಾ ಹೇಳೋದೂ ಅದನ್ನೇ ಅಲ್ವಾ? ಬೋರ್ಡಿನ ಮೇಲೆ ಬರೆದಿದ್ದು ಅವಳೊಬ್ಬಳ ಹೆಸರಲ್ಲ, ನಮ್ಮೆಲ್ಲರದೂ. ಇನ್ನೊಂದು, ಅವಳ ಪ್ರಾರ್ಥನೆ ಅವಳನ್ನ ಬಾಗಿಲ ತನಕ ತಂದು ನಿಲ್ಲಿಸುತ್ತೆ. ಒಳಗೆ ಅವಳು ಒಂಟಿಯಾಗದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಿಮ್ಮ ಊರಿನ ಶಾಲೇಲಿ ನಮ್ಮವರೊಬ್ಬರು ಟೀಚರ್ ಇದ್ದೇ ಇರ್ತಾರೆ. ಈ ವಾರ ಒಂದು ಫೋನ್ ಮಾಡಿ. "ಕ್ಲಾಸಲ್ಲಿ ಹೇಗಿದೆ ಅಕ್ಕಾ?" ಅಂತ ಕೇಳಿ, ಹೇಳೋವರೆಗೂ ಕಾಯಿರಿ.

ನಂಗೆ ಇವತ್ತಿಗೂ ಪ್ರಾರ್ಥನೆ ಬರಲ್ಲ. ಆದ್ರೆ ಶಾಲೆ ಇರೋ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕನಿಗೆ ಒಂದು ಮೆಸೇಜ್ ಹಾಕ್ತೀನಿ: "ಜೈಭೀಮ್ ಅಕ್ಕಾ, ಒಳಗೆ ಹೋಗು."

ಅವಳು "ಆಮೆನ್" ಅಂತ ಕಳಿಸ್ತಾಳೆ.