ಅರುವತ್ತಕ್ಕೆ ಎಂಟು ಕಡಿಮೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಯೂರಿಯಾದ ಪ್ರಯೋಗವು ನೆನಪಿರಬಹುದು. 100 ಗ್ರಾಂ ನೀರಿನಲ್ಲಿ 1.2 ಗ್ರಾಂ ಯೂರಿಯಾವನ್ನು ಕರಗಿಸಿ, ಉಪ್ಪು ಬೆರೆಸಿದ ಮಂಜುಗಡ್ಡೆಯ ನಡುವೆ ಇಟ್ಟು, ಅದರ ಘನೀಭವನ ಬಿಂದುವು ಶುದ್ಧಜಲದ್ದಕ್ಕಿಂತ ಎಷ್ಟು ಇಳಿಯಿತೆಂಬುದನ್ನು ನೋಡಿ, ಯೂರಿಯಾದ ಅಣುತೂಕವನ್ನು ಗಣಿಸತಕ್ಕದ್ದು. ಪುಸ್ತಕದ ಉತ್ತರವು 60.

ನಾನು ಉಪಾಧ್ಯಾಯಿನಿಯಾದ ಹೊಸದರಲ್ಲಿ ಒಬ್ಬ ಹುಡುಗಿಗೆ 52 ಬಂದಿತು. ಅವಳ ನೆರೆಯವಳಿಗೆ ಸರಿಯಾಗಿ 60. ಮೊದಲಿನವಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಅಜಾಗರೂಕತೆ' ಎಂದು ಬರೆದೆನು. ಎರಡನೆಯವಳನ್ನು ತರಗತಿಯ ಮುಂದೆ ಹೊಗಳಿದೆನು. ಮೊದಲಿನವಳು ಮರುಮಾತಾಡಲಿಲ್ಲ. ಮುಂದಿನ ವರ್ಷ ವಿಜ್ಞಾನವನ್ನೇ ಬಿಟ್ಟಳು.

ಬಹುದಿನಗಳ ಮೇಲೆ, ಒಂದು ರಜೆಯಲ್ಲಿ, ಆ ಪ್ರಯೋಗವನ್ನು ನಾನೇ ಮಾಡಿದೆನು. 54 ಬಂದಿತು! ಆಗ ಕಪಾಟಿನಿಂದ ಆ ಎರಡು ಪುಸ್ತಕಗಳನ್ನೂ ತೆಗೆಸಿದೆನು.

ದ್ರಾವಣವು ತನ್ನ ಬಿಂದುವಿಗೆ ಬಂದೊಡನೆಯೇ ಹೆಪ್ಪುಗಟ್ಟುವುದಿಲ್ಲ. ಅಲುಗಾಡಿಸದೆ ಬಿಟ್ಟರೆ ಇನ್ನೂ ಕೆಳಗಿಳಿದು, ಆಮೇಲೆ ಒಮ್ಮೆಗೇ ಹರಳುಗಟ್ಟಿ, ಪಾದರಸವು ಮೇಲಕ್ಕೆ ನೆಗೆಯುವುದು. ಹೀಗೆ ಮಿತಿಮೀರಿ ಇಳಿದ ಪ್ರತಿಯೊಂದು ಡಿಗ್ರಿಗೂ ನೀರಿನ ಸುಮಾರು ಎಂಬತ್ತನೆಯ ಒಂದು ಪಾಲು ಮಂಜಾಗಿ ಬೇರ್ಪಡುವುದು. ಯೂರಿಯಾ ಆ ಮಂಜಿನೊಳಗೆ ಹೋಗದು. ಉಳಿದ ನೀರಿನಲ್ಲಿಯೇ ನಿಂತು ಅದನ್ನು ಗಾಢವಾಗಿಸುವುದು. ಇಳಿತವು ಹೆಚ್ಚಿ ಅಣುತೂಕವು ಕಡಿಮೆಯಾಗಿ ಕಾಣುವುದು. ಆ ಹುಡುಗಿಯು −5 ಡಿಗ್ರಿಯವರೆಗೆ ಇಳಿದುದನ್ನೂ, ಮರಳಿ −0.43ಕ್ಕೆ ಏರಿದುದನ್ನೂ ಅರ್ಧರ್ಧ ನಿಮಿಷಕ್ಕೆ ಬರೆದಿದ್ದಳು. ಇದೊಂದರಿಂದಲೇ 60 ಎಂಬುದು 56ರ ಸಮೀಪಕ್ಕೆ ಬರುವುದು. ಉಪ್ಪನ್ನು ಹಿಡಿಹಿಡಿಯಾಗಿ ಸುರಿಯಿಸಿದವಳು ನಾನೇ. ಅಂಥ ಮಿಶ್ರಣವು −21 ಡಿಗ್ರಿಯವರೆಗೂ ಹೋಗಬಲ್ಲುದು, ಕೊಳವೆಯನ್ನು ಹೆಪ್ಪುಗಟ್ಟುವಾಗಲೂ ಕೆಳಕ್ಕೆ ಎಳೆಯುತ್ತಲೇ ಇರುವುದು. ಕೊಳವೆಯ ಸುತ್ತ ಗಾಳಿಯ ಕವಚವಿರಲಿಲ್ಲ. ಉಷ್ಣಮಾಪಕದಲ್ಲಿ ಹತ್ತನೆಯ ಒಂದರ ಗೆರೆಗಳಷ್ಟೇ ಇದ್ದುವು. ನೂರನೆಯ ಭಾಗವನ್ನು ಕಣ್ಣಳತೆಯಿಂದ ಹೇಳಬೇಕು. ಬೆಕ್ಮನ್ನನ ಉಷ್ಣಮಾಪಕವು ನಮ್ಮಲ್ಲಿ ಎಂದೂ ಇರಲಿಲ್ಲ.

ಎರಡನೆಯವಳ ಪುಸ್ತಕದಲ್ಲಿ ಒಂದೇ ಒಂದು ಅಂಕಿ ಇದ್ದಿತು: 0.372. ಹತ್ತನೆಯ ಒಂದರ ಗೆರೆಗಳಿಂದ ಸಾವಿರನೆಯ ಭಾಗವನ್ನು ಯಾರು ತಾನೇ ಓದಬಲ್ಲರು? ಉತ್ತರದಿಂದ ಹಿಂದಕ್ಕೆ ಗಣಿಸಿದ ಅಂಕಿಯದು. ಇದನ್ನು ಮೊದಲೇ ಕಾಣಬೇಕಾಗಿದ್ದವಳು ನಾನು. ಆ ಮಗುವನ್ನು ದೂರಲಾರೆ. 60 ಬಂದವರನ್ನೇ ನಾನು ಮೆಚ್ಚುವೆನೆಂದು ಅವಳಿಗೆ ಕಲಿಸಿದ್ದವರಾರು?

ಈಗ ಉಪ್ಪನ್ನು ಕಡಿಮೆಮಾಡಿಸುತ್ತೇನೆ. ದ್ರಾವಣವು ಅರ್ಧ ಡಿಗ್ರಿ ಮೀರಿ ಇಳಿದೊಡನೆ ಮಂಜಿನ ಒಂದು ಕಣವನ್ನು ಹಾಕಿಸುತ್ತೇನೆ. ಶುದ್ಧಜಲದ ಬಿಂದುವನ್ನು ಅದೇ ಉಷ್ಣಮಾಪಕದಿಂದಲೇ ನೋಡಿಸುತ್ತೇನೆ. 58, 61 ಬರುವುದುಂಟು. ಅಂಕವು ಬರೆದಿಟ್ಟ ಅಳತೆಗಳಿಗೆ.

52ರ ಪುಸ್ತಕವು ನನ್ನ ಮೇಜಿನ ಖಾನೆಯಲ್ಲಿದೆ. ಕೆಂಪು ಮಾತನ್ನು ಹೊಡೆದು ಪಕ್ಕದಲ್ಲಿ ಸಹಿ ಹಾಕಿರುವೆನು. ಆಕೆಯು ಈ ಸಂಚಿಕೆಯನ್ನು ಓದುವಳಾದರೆ ಬಂದು ಕೇಳಿ ತೆಗೆದುಕೊಳ್ಳಲಿ.