ದೀಪಸ್ತಂಭದ ಹೆಸರು

ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಸಮಾರಂಭಗಳು ನಡೆಯುವ ತಿಂಗಳಲ್ಲಿ ‘ದೀಪಸ್ತಂಭ’ ಎಂಬ ಮಾತಿಗೆ ಬಿಡುವಿಲ್ಲದ ಕೆಲಸ. ನಿವೃತ್ತರಾಗುವ ಪ್ರಿನ್ಸಿಪಾಲರು ದೀಪಸ್ತಂಭ; ಸಂಸ್ಥೆಯ ಸ್ಥಾಪಕರು ದೀಪಸ್ತಂಭ; ಹಾರ ತರಲು ಹೋಗಿ ಇನ್ನೂ ಬಾರದಿರುವ ಕಾರ್ಯದರ್ಶಿಯೂ ಒಂದು ಪುಟ್ಟ ದೀಪಸ್ತಂಭ. ಹೀಗೆ ಹೊಗಳುವ ಹುಡುಗರಲ್ಲಿ ಅನೇಕರು ಸಮುದ್ರವನ್ನು ಕಂಡವರಲ್ಲ. ಅದಕ್ಕಾಗಿ ಅವರನ್ನು ಆಕ್ಷೇಪಿಸಲಾರೆ. ಸಿಂಹವನ್ನು ಕಾಣದೆಯೇ ನಮ್ಮ ಕವಿಗಳು ಎಷ್ಟು ಮಂದಿ ಪುರುಷಸಿಂಹರನ್ನು ಸೃಷ್ಟಿಸಲಿಲ್ಲ! ಆದರೆ ಭಾಷೆಯ ಮೇಷ್ಟರಾದವರಿಗೆ ಒಂದು ಚಪಲವಿರುತ್ತದೆ: ಯಾವುದಾದರೂ ಹೆಸರು ತನ್ನ ವಸ್ತುವನ್ನು ಬಿಟ್ಟು ತಾನಾಗಿಯೇ ಊರೂರು ತಿರುಗತೊಡಗಿದರೆ, ಅದರ ಹಿಂದೆಯೇ ಹೋಗಿ ಎಲ್ಲೆಲ್ಲಿ ಇಳಿದುಕೊಂಡಿತೆಂದು ನೋಡುವುದು.

ಕನ್ನಡದಲ್ಲಂತೂ ಈ ಮಾತು ಮೊದಲು ದೇವಸ್ಥಾನದ ಅಂಗಳದಲ್ಲಿತ್ತು. ಗರ್ಭಗುಡಿಯ ಎದುರಿಗೆ ನಿಂತ ಕಲ್ಲಿನ ಕಂಬ, ಕಾರ್ತಿಕದಲ್ಲಿ ಅದರ ತುಂಬ ಹಣತೆ. ಅದು ಯಾರಿಗೂ ದಾರಿ ತೋರಿಸುವುದಲ್ಲ, ದೇವರ ಮುಂದೆ ಬೆಳಗುವುದು. ಕಡಲಂಚಿನ ಗೋಪುರಕ್ಕೂ ಅದೇ ಹೆಸರನ್ನು ಕೊಟ್ಟಾಗ ಎರಡರ ಅರ್ಥವೂ ಸ್ವಲ್ಪ ಕಲೆತುಹೋಯಿತೆಂದು ನನ್ನ ಊಹೆ. ನಾವು ‘ದೀಪಸ್ತಂಭ’ ಎಂದು ಹೊಗಳುವಾಗ ಆ ಮನುಷ್ಯನಿಂದ ದಾರಿ ಕಂಡಿತೆಂದು ಹೇಳುತ್ತೇವೋ, ಅವನಿಗೇ ದೀಪ ಹಚ್ಚಿ ಕೈಮುಗಿಯುತ್ತೇವೋ ಹೇಳುವುದು ಕಷ್ಟ.

ಯೂರೋಪಿನಲ್ಲಿ ನಡೆದದ್ದು ಇದಕ್ಕಿಂತ ವಿನೋದ. ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದ ಮುಂದೆ ಫಾರೋಸ್ ಎಂಬ ಸಣ್ಣ ದ್ವೀಪವಿತ್ತು. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಟಾಲೆಮಿ ದೊರೆಗಳು ಅಲ್ಲಿ ಒಂದು ಮಹಾಗೋಪುರವನ್ನು ಕಟ್ಟಿಸಿದರು. ಅದರ ಎತ್ತರ ನೂರು ಮೀಟರಿನ ಆಸುಪಾಸು ಇದ್ದಿರಬೇಕೆಂದು ವಿದ್ವಾಂಸರ ಅಂದಾಜು. ದ್ವೀಪದ ಹೆಸರು ಗೋಪುರಕ್ಕೆ ಬಂತು. ಗೋಪುರದ ಹೆಸರು ಅಂಥ ಗೋಪುರಗಳಿಗೆಲ್ಲ ಹರಡಿತು. ಫ್ರೆಂಚರಿಗೆ ಅದು ‘ಫಾರ್’, ಇಟಲಿಯವರಿಗೂ ಸ್ಪೇನಿನವರಿಗೂ ‘ಫಾರೊ’. ಕಾಲಾಂತರದಲ್ಲಿ ಮೋಟಾರು ಕಾರು ಬಂದಾಗ ಅದರ ಮೂತಿಯ ಎರಡು ದೀಪಗಳಿಗೂ ಅದೇ ಹೆಸರಾಯಿತು. ಮೂಲದ ಗೋಪುರವನ್ನು ೧೪ನೆಯ ಶತಮಾನದ ಭೂಕಂಪಗಳು ಕೆಡವಿದವು, ಅಳಿದುಳಿದ ಕಲ್ಲುಗಳು ಮುಂದಿನ ಶತಮಾನದಲ್ಲಿ ಒಂದು ಕೋಟೆಯ ಗೋಡೆ ಸೇರಿದವು. ಹೆಸರು ಮಾತ್ರ ಪ್ಯಾರಿಸ್ಸಿನ ಬೀದಿಗಳಲ್ಲಿ ಗಾಲಿಯ ಮೇಲೆ ಓಡಾಡುತ್ತಿದೆ.

ಆ ಗೋಪುರದ ಬಗೆಗೆ ಲೂಸಿಯನ್ ಎಂಬ ಹಳೆಯ ಲೇಖಕ ಒಂದು ಕಥೆ ಹೇಳುತ್ತಾನೆ. ಅದನ್ನು ಕಟ್ಟಿದ ಸೋಸ್ಟ್ರಾಟಸ್ ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆದು, ಅದರ ಮೇಲೆ ಗಾರೆ ಮೆತ್ತಿ, ಗಾರೆಯ ಮೇಲೆ ದೊರೆಯ ಹೆಸರನ್ನು ಬರೆದನಂತೆ. ಗಾರೆ ಎಷ್ಟು ಕಾಲ ನಿಂತೀತೆಂಬುದು ಕಟ್ಟಿದವನಿಗೆ ಗೊತ್ತು. ದೊರೆಗೂ ಗೊತ್ತಿದ್ದಿರಬಹುದು, ತನ್ನ ಕಾಲಕ್ಕೆ ಸಾಕು ಎಂದುಕೊಂಡಿರಬೇಕು!

ನಮ್ಮ ಮಂಗಳೂರಿನಲ್ಲಿಯೂ ಇದರ ಒಂದು ಚಿಕ್ಕ ಪ್ರತಿರೂಪವಿದೆ. ಊರ ನಡುವಿನ ದಿಣ್ಣೆಗೆ ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್ ಎಂದೂ ಊರವರ ಬಾಯಲ್ಲಿ ಬಾವುಟಗುಡ್ಡೆ ಎಂದೂ ಹೆಸರು. ೧೮೩೭ರ ರೈತರ ದಂಗೆಯಲ್ಲಿ ಅಲ್ಲಿ ಬಾವುಟ ಹಾರಿತೆಂದು ಹೇಳುತ್ತಾರೆ. ೧೯೭೨ರಲ್ಲಿ ಸುರತ್ಕಲ್ಲಿನಲ್ಲಿ ಹೊಸ ದೀಪಸ್ತಂಭ ಬಂದ ಮೇಲೆ ಗುಡ್ಡದ ಮೇಲಿನ ದೀಪಕ್ಕೆ ಕೆಲಸವಿಲ್ಲದಾಯಿತು. ಈಗ ಹಡಗಿನವರಿಗೆ ಆ ಗುಡ್ಡದಿಂದ ಏನೂ ಆಗಬೇಕಾಗಿಲ್ಲ. ಆದರೂ ವಿಳಾಸ ಹೇಳುವವರು ಬಾವುಟವೂ ಇಲ್ಲದ ದೀಪವೂ ಉರಿಯದ ಗುಡ್ಡವನ್ನು ಆ ಎರಡು ಹೆಸರುಗಳಿಂದಲೇ ಕರೆಯುತ್ತಾರೆ.

ಇನ್ನು ಸಮುದ್ರದ ಸಂಬಂಧವನ್ನು ಪೂರ್ತಿ ಬಿಟ್ಟುಕೊಟ್ಟ ದೀಪಸ್ತಂಭಗಳು. ಕಲ್ಕತ್ತೆಯ ನ್ಯೂ ಮಾರ್ಕೆಟ್ಟಿನ ಬಳಿ ‘ಲೈಟ್‌ಹೌಸ್’ ಎಂಬ ಚಿತ್ರಮಂದಿರವಿತ್ತು. ೧೯೩೦ರ ದಶಕದ ಕೊನೆಯಲ್ಲಿ ಅದರ ನಕ್ಷೆ ಹಾಕಿದವನು ವಿಲ್ಲೆಂ ಡುಡೊಕ್ ಎಂಬ ಡಚ್ ವಾಸ್ತುಶಿಲ್ಪಿ. ತನ್ನ ದೇಶದಲ್ಲಿ ಹಿಲ್ವರ್ಸಮ್ ಪಟ್ಟಣದ ಪುರಭವನವನ್ನು ಕಟ್ಟಿ ಹೆಸರಾದವನು. ವಾಸ್ತುಶಿಲ್ಪ, ಸಿನಿಮಾ ಎರಡೂ ಒಂದೇ ಸೂರಿನಡಿ ಈ ಹೆಸರನ್ನು ಹಂಚಿಕೊಂಡದ್ದು ಅಲ್ಲಿ. ಎರವಲು ಹೆಸರುಗಳಲ್ಲೆಲ್ಲ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದೇ. ಯೋಚಿಸಿ ನೋಡಿ: ಕತ್ತಲೆಯ ದೊಡ್ಡ ಕೋಣೆ, ಬೆನ್ನ ಹಿಂದೆ ಎತ್ತರದಲ್ಲಿ ಒಂದು ಕಿಂಡಿ, ಅಲ್ಲಿ ಯಾರಿಗೂ ಕಾಣದ ಒಬ್ಬ ಆಳು, ಅವನ ದೀಪದಿಂದ ನೂರಾರು ತಲೆಗಳ ಮೇಲೆ ಹಾದುಹೋಗುವ ಬೆಳಕಿನ ಕೋಲು. ದೀಪದ ಮನೆ ಎಂದರೆ ಇನ್ನೇನು? ಚಿತ್ರಮಂದಿರ ಮುಚ್ಚಿತು, ಆಮೇಲೆ ಆ ಜಾಗಕ್ಕೆ ಬಟ್ಟೆಯ ಅಂಗಡಿ ಬಂತು.

ಸಂಗೀತಕ್ಕೂ ಈ ಹೆಸರು ಬೇಕಾಯಿತು. ಕ್ಯಾಲಿಫೋರ್ನಿಯದ ಹರ್ಮೋಸ ಬೀಚಿನಲ್ಲಿ ‘ದಿ ಲೈಟ್‌ಹೌಸ್’ ಎಂಬ ಒಂದು ಉಪಾಹಾರಗೃಹ. ೧೯೪೯ರಲ್ಲಿ ಹೊವರ್ಡ್ ರಮ್ಸಿ ಎಂಬ ಬಾಸ್ ವಾದಕ ಅದರ ಮಾಲೀಕನನ್ನು ಒಪ್ಪಿಸಿ ಭಾನುವಾರಗಳಲ್ಲಿ ಜಾಝ್ ನುಡಿಸಲು ಆರಂಭಿಸಿದ. ಮಧ್ಯಾಹ್ನ ೨ಕ್ಕೆ ಹತ್ತಿದ ಮೇಳ ನಡುರಾತ್ರಿ ಕಳೆದು ೨ ಗಂಟೆಗೆ ಇಳಿಯುತ್ತಿತ್ತಂತೆ. ನಮ್ಮ ಕಡೆಯ ಯಕ್ಷಗಾನದವರು ಕೇಳಿದರೆ ಇಷ್ಟೇ ಹೊತ್ತೆ ಎಂದಾರು. ಅಮೆರಿಕದ ಪಶ್ಚಿಮ ತೀರದ ಜಾಝ್ ಎಂದರೆ ಈ ಮನೆಯ ನೆನಪು ಬರುವಂತಾಯಿತು. ಲೀ ಮಾರ್ಗನ್ ೧೯೭೦ರಲ್ಲಿ ಅಲ್ಲಿ ನುಡಿಸಿದ್ದು ಧ್ವನಿಮುದ್ರಿಕೆಯಾಗಿದೆ. ೨೦೧೬ರ ‘ಲಾ ಲಾ ಲ್ಯಾಂಡ್’ ಚಿತ್ರದಲ್ಲಿ ಆ ಮನೆಯನ್ನೇ ಕಾಣಬಹುದು. ಕಡಲೇನೋ ನಾಲ್ಕು ಹೆಜ್ಜೆಯಲ್ಲಿದೆ, ಆದರೆ ಗೋಪುರವಿಲ್ಲ. ಕೆನಡದಲ್ಲಿ ೧೯೬೮ರಲ್ಲಿ ಇದೇ ಹೆಸರಿನ ಒಂದು ವಾದ್ಯತಂಡವೂ ಹುಟ್ಟಿತು.

ಇವುಗಳಿಂದ ಯಾರಿಗೂ ತೊಂದರೆಯಿಲ್ಲ. ಹೆಸರು ಎರವಲು ಹೋಗಿ ನಾಲ್ಕು ಜನಕ್ಕೆ ಸಂತೋಷ ಕೊಟ್ಟಿತೆನ್ನೋಣ. ಆದರೆ ಒಂದು ದೀಪಸ್ತಂಭದ ವಿಷಯದಲ್ಲಿ ನನಗೆ ಹೀಗೆ ಉದಾರವಾಗಿ ಮಾತನಾಡಲು ಆಗುವುದಿಲ್ಲ. ಅದು ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸ್ಯಾಂಟೊ ಡೊಮಿಂಗೊದಲ್ಲಿರುವ ಕೊಲಂಬಸ್ ದೀಪಸ್ತಂಭ. ಕೊಲಂಬಸನ ಸ್ಮಾರಕಕ್ಕಾಗಿ ಜಗತ್ತಿನ ವಾಸ್ತುಶಿಲ್ಪಿಗಳ ನಡುವೆ ಸ್ಪರ್ಧೆ ನಡೆದು, ನೂರಾರು ನಕ್ಷೆಗಳಲ್ಲಿ ೧೯೩೧ರಲ್ಲಿ ಗ್ಲೀವ್ ಎಂಬ ಬ್ರಿಟಿಷ್ ತರುಣನ ನಕ್ಷೆ ಗೆದ್ದಿತು. ಕಟ್ಟಡದ ಕೆಲಸ ಭರದಿಂದ ನಡೆದದ್ದು ೧೯೮೬ರಿಂದ ಈಚೆಗೆ. ಉದ್ಘಾಟನೆ ೧೯೯೨ರಲ್ಲಿ, ಕೊಲಂಬಸ್ ಬಂದು ಐನೂರು ವರ್ಷವಾದ ವರ್ಷ. ನೆಲದ ಮೇಲೆ ಮಲಗಿಸಿದ ಭಾರಿ ಶಿಲುಬೆಯ ಆಕಾರದ ಕಾಂಕ್ರೀಟು. ಅದರ ಬೆನ್ನ ಮೇಲಿಂದ ದೀಪಗಳು ಆಕಾಶಕ್ಕೆ ಹಾರಿ ಅಲ್ಲಿಯೂ ಶಿಲುಬೆ ಬರೆಯಬೇಕು. ಕೊಲಂಬಸನ ಅಸ್ಥಿ ಒಳಗಿದೆಯೆಂದು ಹೇಳುತ್ತಾರೆ. ಸ್ಪೇನಿನ ಸೆವಿಲ್ ನಗರವೂ ಅದು ತನ್ನಲ್ಲಿದೆಯೆನ್ನುತ್ತದೆ.

ಇದಕ್ಕೆ ಜಾಗ ಮಾಡಿಕೊಡಲು ಸಾವಿರಾರು ಬಡವರ ಮನೆಗಳನ್ನು ಕಿತ್ತರು. ಉಳಿದ ಗುಡಿಸಲುಗಳು ಅತಿಥಿಗಳ ಕಣ್ಣಿಗೆ ಬೀಳದಂತೆ ಅಡ್ಡಗೋಡೆ ಎಬ್ಬಿಸಿದರು. ಊರಿನವರು ಅದಕ್ಕೆ ನಾಚಿಕೆಯ ಗೋಡೆ ಎಂದು ಹೆಸರಿಟ್ಟರು. ವಿದ್ಯುತ್ತಿನ ಅಭಾವವಿದ್ದ ಆ ಊರಿನಲ್ಲಿ ಸ್ಮಾರಕದ ದೀಪ ಹತ್ತಿದಾಗ ಸುತ್ತಣ ಕೇರಿಗಳಲ್ಲಿ ಬೆಳಕು ಹೋಗುತ್ತದೆಂಬ ಮಾತು ಹಬ್ಬಿತು. ದೀಪ ಹತ್ತಿಸುವುದೂ ಅಪರೂಪವಾಯಿತು. ಒಂದು ಹಡಗಿಗೂ ದಾರಿ ತೋರಿಸದ, ಬೆಳಕನ್ನು ಕಡಲಿನ ಕಡೆ ಚೆಲ್ಲದೆ ನೇರ ಮೇಲಕ್ಕೆ ಎಸೆಯುವ ಈ ಕಟ್ಟಡಕ್ಕೆ ದೀಪಸ್ತಂಭ ಎಂಬ ಹೆಸರೇ ಏಕೆ ಬೇಕಾಯಿತು? ಅರಮನೆ ಎನ್ನಬಹುದಿತ್ತು, ಸಮಾಧಿ ಎನ್ನಬಹುದಿತ್ತು. ಪರೋಪಕಾರದ ವಾಸನೆಯಿರುವ ಹೆಸರನ್ನು ಹುಡುಕಿ ತಂದಿಟ್ಟದ್ದರಲ್ಲಿಯೇ ಕಟ್ಟಿದವರ ಮನಸ್ಸು ಕಾಣುತ್ತದೆ. ಇದೂ ಸೋಸ್ಟ್ರಾಟಸನ ಗಾರೆಯೇ. ಆದರೆ ಇಲ್ಲಿ ಅಡಿಗೆ ಮುಚ್ಚಿಹೋದದ್ದು ಜನರ ಮನೆಗಳು.

ಎರವಲಿನ ಮಾತು ಸಾಕು. ದೀಪಸ್ತಂಭಕ್ಕೆ ತನ್ನದೇ ಆದ ಹೆಸರಿಲ್ಲವೆ ಎಂದು ಕೇಳಿದರೆ, ಇದೆ. ಆದರೆ ಅದನ್ನು ಅಕ್ಷರದಲ್ಲಿ ಬರೆದಿಲ್ಲ. ರಾತ್ರಿ ಕಡಲಿನಿಂದ ನೋಡುವ ನಾವಿಕನಿಗೆ ಗೋಪುರವೂ ಕಾಣದು, ಅದರ ಮೇಲಿನ ಹಲಗೆಯೂ ಕಾಣದು. ಒಂದು ಬೆಳಕಿನ ಚುಕ್ಕೆ ಕಾಣುತ್ತದೆ, ಅಷ್ಟೆ. ಅದು ಯಾವ ಊರಿನ ದೀಪವೆಂದು ತಿಳಿಯುವುದು ಹೇಗೆ? ಒಂದೊಂದು ದೀಪಕ್ಕೂ ಒಂದೊಂದು ಮಿನುಗಿನ ಕ್ರಮವನ್ನು ಗೊತ್ತುಮಾಡಿರುತ್ತಾರೆ. ಇಂಗ್ಲೆಂಡಿನ ಎಡ್ಡಿಸ್ಟೋನ್ ದೀಪ ೧೦ ಸೆಕೆಂಡಿಗೆ ಎರಡು ಬಾರಿ ಮಿನುಗುತ್ತದೆ. ಕೆಲವು ದೀಪಗಳಲ್ಲಿ ಕತ್ತಲು ಹೆಚ್ಚು ಬೆಳಕು ಕಡಿಮೆ, ಕೆಲವಲ್ಲಿ ಬೆಳಕು ಹೆಚ್ಚು ಕತ್ತಲು ಕಡಿಮೆ, ಕೆಲವಲ್ಲಿ ಎರಡೂ ಸಮ. ನಾವಿಕ ಸೆಕೆಂಡುಗಳನ್ನು ಎಣಿಸಿ, ಪಟ್ಟಿ ನೋಡಿ, ಇದು ಇಂಥದು ಎನ್ನುತ್ತಾನೆ. ಲಘು ಗುರು ಹಾಕಿ ಪದ್ಯದ ಛಂದಸ್ಸನ್ನು ಗುರುತಿಸುವುದಕ್ಕೂ ಇದಕ್ಕೂ ನನಗೇನೂ ಭೇದ ತೋರುವುದಿಲ್ಲ. ಇಲ್ಲಿ ಕತ್ತಲೆಗೂ ಮಾತ್ರೆಯುಂಟು. ತಾಳದಲ್ಲಿ ಪೆಟ್ಟಿನ ಹಿಂದೆ ಬರುವ ಹುಸಿಯನ್ನು ಬಿಟ್ಟರೆ ತಾಳ ಹೇಗೆ ಕೆಡುವುದೋ, ಹಾಗೆ ಕತ್ತಲೆಯ ಲೆಕ್ಕ ತಪ್ಪಿದರೆ ದೀಪದ ಹೆಸರು ಕೆಡುತ್ತದೆ. ಹಡಗು ಬಂಡೆಗೆ ಬಡಿಯುತ್ತದೆ.

ಬಾಸ್ಟನ್ನಿನ ಹತ್ತಿರ ಮೈನಾಟ್ಸ್ ಲೆಜ್ ಎಂಬ ಬಂಡೆಯ ಮೇಲೆ ೧೮೫೦ರಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ದೀಪಗೃಹ ೧೮೫೧ರ ಏಪ್ರಿಲಿನ ಬಿರುಗಾಳಿಗೆ ಉರುಳಿ ಇಬ್ಬರು ಸಹಾಯಕರು ಸತ್ತರು. ಆಮೇಲೆ ಅಲ್ಲಿ ಕಲ್ಲಿನ ಗೋಪುರ ಬಂತು. ೧೮೯೪ರಿಂದ ಅದರ ದೀಪ ಒಂದು ಸಲ, ನಾಲ್ಕು ಸಲ, ಮೂರು ಸಲ ಎಂಬ ಕ್ರಮದಲ್ಲಿ ಮಿನುಗತೊಡಗಿತು. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಇಂಗ್ಲಿಷ್ ವಾಕ್ಯದ ಮೂರು ಪದಗಳಲ್ಲಿಯೂ ಕ್ರಮವಾಗಿ ಅಷ್ಟಷ್ಟೇ ಅಕ್ಷರ! ತೀರದ ತರುಣ ತರುಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಈ ಛಂದಸ್ಸನ್ನು ಕೆಡಿಸದೆ ನಡೆಸಿಕೊಂಡು ಬಂದವರು ದೀಪ ಕಾಯುವ ಆಳುಗಳು. ಗಾಜು ಒರೆಸುವುದು, ಎಣ್ಣೆ ಹೊರುವುದು, ಯಂತ್ರಕ್ಕೆ ಕೀಲಿ ಕೊಡುವುದು. ಸಿನಿಮಾದವರಿಗೆ ಇದರಲ್ಲಿ ಕಥೆ ಸಿಗುವುದಿಲ್ಲ; ಅವರಿಗೆ ಬೇಕಾದದ್ದು ಒಂಟಿತನ, ಹುಚ್ಚು. ವೇಲ್ಸಿನ ಕಡಲಿನ ಸ್ಮಾಲ್ಸ್ ಬಂಡೆಯ ಘಟನೆಯಿಂದ ‘ದಿ ಲೈಟ್‌ಹೌಸ್’ ಎಂಬ ಹೆಸರಿನಲ್ಲಿಯೇ ಎರಡು ಚಿತ್ರಗಳು ಹುಟ್ಟಿದವು: ೨೦೧೬ರದು ಕ್ರಿಸ್ ಕ್ರೋನದು, ೨೦೧೯ರದು ರಾಬರ್ಟ್ ಎಗ್ಗರ್ಸನದು. ಎರಡನೆಯದು ಕಪ್ಪುಬಿಳುಪಿನಲ್ಲಿ, ಹಳೆಯ ಕಾಲದ ಚೌಕಾಕಾರದ ಚೌಕಟ್ಟಿನಲ್ಲಿ ತೆಗೆದದ್ದು. ಅದಕ್ಕಾಗಿ ಕೆನಡದ ತೀರದಲ್ಲಿ ೭೦ ಅಡಿಯ ಗೋಪುರವನ್ನೇ ಕಟ್ಟಿಸಿದರು. ನೋಡಿ ಬೆರಗಾಗಬೇಕಾದ ಚಿತ್ರ. ಆದರೆ ನಡೆದ ಸಂಗತಿ ನನ್ನ ಮಟ್ಟಿಗೆ ಅದಕ್ಕಿಂತ ಭಯಂಕರ. ೧೮೦೧ರ ಸುಮಾರಿಗೆ ಆ ಬಂಡೆಯ ಮೇಲೆ ಇಬ್ಬರೇ ಇದ್ದರು, ಥಾಮಸ್ ಹೊವೆಲ್, ಥಾಮಸ್ ಗ್ರಿಫಿತ್. ಇಬ್ಬರಿಗೂ ಜಗಳವೆಂದು ಊರಿಗೆಲ್ಲ ಗೊತ್ತು. ಗ್ರಿಫಿತ್ ಸತ್ತ. ಹೆಣವನ್ನು ಕಡಲಿಗೆ ಹಾಕಿದರೆ ಕೊಲೆಯ ಅಪವಾದ ಬರುತ್ತದೆಂದು ಹೊವೆಲ್ ಅದನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಬಿಗಿದ. ಬಿರುಗಾಳಿಗೆ ಪೆಟ್ಟಿಗೆ ಒಡೆದು ಹೆಣದ ತೋಳು ಅಲ್ಲಾಡಿದ್ದನ್ನು ದೂರದ ಹಡಗಿನವರು ಕಂಡರಂತೆ. ಯಾರೋ ಕೈಬೀಸುತ್ತಿದ್ದಾನೆ ಎಂದುಕೊಂಡು ಮುಂದೆ ಹೋದರಂತೆ. ದೀಪವೇನೂ ಆರಿರಲಿಲ್ಲವಲ್ಲ. ಹೊವೆಲ್ ವಾರಗಟ್ಟಲೆ, ಒಂದು ರಾತ್ರಿಯೂ ಬಿಡದೆ, ದೀಪ ಹಚ್ಚುತ್ತಿದ್ದ. ಹಚ್ಚಿದ್ದರಿಂದಲೇ ಅವನ ಸಹಾಯಕ್ಕೆ ಯಾರೂ ಬರಲಿಲ್ಲ. ಕೊನೆಗೆ ದಡಕ್ಕೆ ಬಂದಾಗ ಗೆಳೆಯರಿಗೆ ಅವನ ಗುರುತೇ ಸಿಗಲಿಲ್ಲವೆಂದು ಹೇಳುತ್ತಾರೆ. ಆಮೇಲೆ ಅಂಥ ಬಂಡೆಗಳ ಮೇಲೆ ಮೂವರನ್ನು ಇಡುವ ಪದ್ಧತಿಯಾಯಿತು.

ಮೂವರಿದ್ದರೂ ಸಾಲದೆಂಬಂತೆ ೧೯೦೦ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದಲ್ಲಿ ಮೂವರೂ ಕಾಣದಾದರು: ಜೇಮ್ಸ್ ಡುಕಾಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮೆಕಾರ್ಥರ್. ದೀಪಸ್ತಂಭ ಬೆಳಗತೊಡಗಿ ಒಂದೇ ವರ್ಷವಾಗಿತ್ತು. ೨೬ನೆಯ ತಾರೀಖು ಹಡಗು ಹೋದಾಗ ಪಾತ್ರೆಗಳು ತೊಳೆದಿದ್ದವು, ದೀಪ ಒರೆಸಿ ಎಣ್ಣೆ ತುಂಬಿತ್ತು, ಒಬ್ಬನ ಮಳೆಯಂಗಿ ಗೂಟದಲ್ಲೇ ಇತ್ತು. ಪಶ್ಚಿಮದ ಇಳಿದಾಣದಲ್ಲಿ ದೊಡ್ಡ ಅಲೆ ಕೊಂಡೊಯ್ದಿರಬೇಕೆಂದು ವಿಚಾರಣೆಗೆ ಬಂದ ಅಧಿಕಾರಿ ಬರೆದ. ಹನ್ನೆರಡು ವರ್ಷದ ಮೇಲೆ ಗಿಬ್ಸನ್ ಎಂಬ ಕವಿ ಇದನ್ನು ಪದ್ಯಮಾಡಿ, ಮುಟ್ಟದ ಊಟ ಉರುಳಿದ ಕುರ್ಚಿ ಎಂದು ಸೇರಿಸಿದ. ಜನ ನೆನಪಿಟ್ಟುಕೊಂಡದ್ದು ಕುರ್ಚಿಯನ್ನೇ. ತೊಳೆದಿಟ್ಟ ಪಾತ್ರೆ ಯಾರ ನೆನಪಿನಲ್ಲಿ ಉಳಿದೀತು?

ಇದೇ ಸಂಗತಿಯನ್ನು ಆಧರಿಸಿ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ‘ದಿ ಲೈಟ್‌ಹೌಸ್’ ಎಂಬ ಗೀತನಾಟಕವನ್ನು ರಚಿಸಿದ. ೧೯೮೦ರಲ್ಲಿ ಎಡಿನ್‌ಬರೋದಲ್ಲಿ ಪ್ರದರ್ಶನವಾಯಿತು. ಹಾಡುವವರು ಮೂವರೇ. ಮೊದಲಿಗೆ ವಿಚಾರಣೆಯ ದೃಶ್ಯ. ಅಲ್ಲಿ ಪ್ರಶ್ನೆ ಕೇಳುವವನು ಮನುಷ್ಯನಲ್ಲ, ವಾದ್ಯವೃಂದದ ಒಂದು ಕೊಂಬು. ಕೊಂಬು ಊದುತ್ತದೆ, ಸಾಕ್ಷಿ ಉತ್ತರ ಹೇಳುತ್ತಾನೆ. ಉತ್ತರ ಕೇಳಿದ ಮೇಲೆ ಪ್ರಶ್ನೆ ಏನಿತ್ತೆಂದು ನಮಗೆ ತಿಳಿಯುತ್ತದೆ. ವಿಚಾರಣೆ ಮುಗಿದಾಗ, ದೀಪ ಈಗ ತಾನಾಗಿ ಹತ್ತಿ ಆರುತ್ತದೆ, ಕಟ್ಟಡಕ್ಕೆ ಬೀಗ ಬಿದ್ದಿದೆ ಎಂದು ಮೂವರೂ ಹೇಳುತ್ತಾರೆ. ಆಗ ರಂಗದ ಮೇಲೆ ದೀಪ ಮಿನುಗುತ್ತದೆ, ಆ ಮಿನುಗಿನ ಲಯವನ್ನು ವಾದ್ಯವೃಂದ ಎತ್ತಿಕೊಳ್ಳುತ್ತದೆ. ನಾನು ಕಂಡ ಎರವಲುಗಳಲ್ಲಿ ದೀಪದ ಸ್ವಂತ ಹೆಸರನ್ನು ಕಿವಿಯಲ್ಲಿ ಹಿಡಿದದ್ದು ಇದೊಂದೇ.

ಫ್ಲಾನನ್ ದೀಪವನ್ನು ೧೯೭೧ರಲ್ಲಿ ಯಂತ್ರಕ್ಕೆ ಒಪ್ಪಿಸಿ ಆಳುಗಳನ್ನು ಕರೆಸಿಕೊಂಡರು. ಈಗಲೂ ಅದು ೩೦ ಸೆಕೆಂಡಿಗೆ ಎರಡು ಸಲ ಮಿನುಗುತ್ತದೆ.